ಹಿಂದಕ್ಕೋ ಮುಂದಕ್ಕೋ: ಕಾಲಯಾನದ ಕಥೆಗಳಲ್ಲಿ ನಿಮಗೆ ಹೊಂದುವುದು ಯಾವುದು?

ಅಕ್ಕನ ಮಗಳು ಪಿಯುಸಿ ಮುಗಿಸಿ ರಜೆಯಲ್ಲಿದ್ದಾಗ "ಮಾಮ, ಒಂದು ಒಳ್ಳೇ ಟೈಮ್ ಟ್ರಾವೆಲ್ ಕಥೆ ಹೇಳು" ಅಂತ ಮೆಸೇಜ್ ಹಾಕಿದ್ದಳು. ನಾನು ಜಾಣತನ ಮೆರೆಯಲು ಹೋಗಿ ‘ಪ್ರೈಮರ್’ ಸಿನಿಮಾ ನೋಡು ಅಂದೆ. 2004ರ ಅಮೆರಿಕನ್ ಚಿತ್ರ ಅದು. ಸುಮಾರು 7,000 ಡಾಲರಿನಲ್ಲಿ ತೆಗೆದದ್ದು. ಏಬ್, ಆರನ್ ಎಂಬ ಇಬ್ಬರು ಎಂಜಿನಿಯರುಗಳು ಗ್ಯಾರೇಜಿನಲ್ಲಿ ಏನನ್ನೋ ಕಟ್ಟುತ್ತ ಕಟ್ಟುತ್ತ ಕಾಲಯಂತ್ರಕ್ಕೆ ಕೈ ಹಾಕುತ್ತಾರೆ, ಆಮೇಲೆ ಯಾರು ಯಾವ ಹೊತ್ತಿನವರು ಅನ್ನುವುದೇ ತಿಳಿಯದಂತೆ ಎಲ್ಲ ಗೋಜಲಾಗುತ್ತದೆ. ಅವಳು ಅರ್ಧಕ್ಕೇ ನಿದ್ದೆ ಹೋದಳಂತೆ. ಆಮೇಲೆ ಎರಡು ತಿಂಗಳು ನನ್ನನ್ನು ಯಾವ ಕಥೆಯನ್ನೂ ಕೇಳಲಿಲ್ಲ. ತಪ್ಪು ಚಿತ್ರದ್ದಲ್ಲ, ನನ್ನದು. ಊಟಕ್ಕೆ ಕೂತವಳಿಗೆ ಅನ್ನಕ್ಕಿಂತ ಮೊದಲು ಉಪ್ಪಿನಕಾಯಿ ಬಡಿಸಿದ್ದೆ.

ಅಂದಿನಿಂದ ಯಾರಾದರೂ ಕೇಳಿದರೆ ಪಟ್ಟಿ ಕೊಡುವುದಿಲ್ಲ, ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ: ಆಗಿಹೋದದ್ದನ್ನು ಬದಲಿಸಲು ಬಿಡುವ ಕಥೆ ಬೇಕೋ, ಬಿಡದ ಕಥೆ ಬೇಕೋ?

ಸಾಮಾನ್ಯವಾಗಿ ನಾವು ಯಂತ್ರ ನೋಡಿ ಮರುಳಾಗುತ್ತೇವೆ. ಕಾರು, ಕೈಗಡಿಯಾರ, ಮಿಂಚು ಕಾರುವ ಬಾಗಿಲು. ಆದರೆ ಕಥೆಯ ರುಚಿ ಯಂತ್ರದಲ್ಲಿಲ್ಲ, ಕಥೆಗಾರ ಹಾಕಿಕೊಂಡ ಕಟ್ಟಳೆಯಲ್ಲಿದೆ. ಹಿಂದಕ್ಕೆ ದಾರಿಯೇ ಇಲ್ಲ, ಮುಂದಕ್ಕೆ ಮಾತ್ರ ಎನ್ನುವುದು ಒಂದು ಕಟ್ಟಳೆ. ಹಿಂದೆ ಹೋಗಿ ತಿದ್ದಬಹುದು ಎನ್ನುವುದು ಇನ್ನೊಂದು. ಹೋಗಬಹುದು, ಆದರೆ ಒಂದು ಹುಲ್ಲುಕಡ್ಡಿಯನ್ನೂ ಕದಲಿಸಲಾಗದು ಎನ್ನುವುದು ಮೂರನೆಯದು. ಒಂದೇ ದಿನ ಮತ್ತೆ ಮತ್ತೆ ಬರುವುದು ನಾಲ್ಕನೆಯದು. ಯಾವ ಕಟ್ಟಳೆಯೂ ಇಲ್ಲದೆ ಬೇಕಾದಾಗ ಬೇಕಾದ್ದು ಮಾಡುವ ಯಂತ್ರವಿರುವ ಕಥೆಗಳೂ ಇವೆ. ಅವನ್ನು ಅರ್ಧಕ್ಕೆ ಬಿಟ್ಟರೆ ನಷ್ಟವೇನಿಲ್ಲ. ಎಲ್ಲ ತಪ್ಪನ್ನೂ ಮತ್ತೊಮ್ಮೆ ಹಿಂದೆ ಹೋಗಿ ಸರಿಮಾಡಬಹುದು ಎಂದಮೇಲೆ ಪಾತ್ರ ಸತ್ತರೂ ನಮಗೇನು?

ಮುಂದೆ ಹೇಳುವುದರಲ್ಲಿ ಅಲ್ಲಲ್ಲಿ ಕಥೆಯ ಗುಟ್ಟು ಸ್ವಲ್ಪ ಬಿಟ್ಟುಕೊಡಬೇಕಾಗುತ್ತದೆ. ಕೊನೆಯ ತಿರುವುಗಳನ್ನು ಆದಷ್ಟು ಮುಚ್ಚಿಟ್ಟಿದ್ದೇನೆ.

ಮುಂದಕ್ಕೆ ಮಾತ್ರ

ಇದು ಎಲ್ಲಕ್ಕಿಂತ ಹಳೆಯ ಬಗೆ, ನನ್ನ ಮಟ್ಟಿಗೆ ಎಲ್ಲಕ್ಕಿಂತ ದುಃಖದ್ದೂ ಹೌದು. ಭಾಗವತದ ಒಂಬತ್ತನೆಯ ಸ್ಕಂಧದಲ್ಲಿ ಕಕುದ್ಮಿ ಎಂಬ ರಾಜನ ಕಥೆ ಬರುತ್ತದೆ. ಮಗಳು ರೇವತಿಗೆ ತಕ್ಕ ವರ ಯಾರೆಂದು ಕೇಳಲು ಅವಳನ್ನು ಕರೆದುಕೊಂಡು ಬ್ರಹ್ಮಲೋಕಕ್ಕೆ ಹೋಗುತ್ತಾನೆ. ಅಲ್ಲಿ ಗಂಧರ್ವರ ಹಾಡು ನಡೆದಿತ್ತು, ಮುಗಿಯಲಿ ಎಂದು ಒಂದು ಕ್ಷಣ ಕಾಯುತ್ತಾನೆ. ಹಾಡು ಮುಗಿದ ಮೇಲೆ ಬ್ರಹ್ಮ ನಕ್ಕು ಹೇಳುವುದು: ನೀನು ಮನಸ್ಸಿನಲ್ಲಿಟ್ಟುಕೊಂಡು ಬಂದ ವರಗಳಿರಲಿ, ಅವರ ಮಕ್ಕಳು ಮೊಮ್ಮಕ್ಕಳ ಹೆಸರೂ ಈಗ ಭೂಮಿಯಲ್ಲಿ ಕೇಳಿಬರುವುದಿಲ್ಲ, 27 ಚತುರ್ಯುಗ ಕಳೆದಿದೆ. ಪುರಾಣದ ಲೆಕ್ಕದಲ್ಲಿ ಒಂದು ಚತುರ್ಯುಗಕ್ಕೆ 43,20,000 ವರ್ಷ. ಗುಣಿಸಿದರೆ ಹನ್ನೊಂದೂವರೆ ಕೋಟಿ ವರ್ಷದ ಮೇಲಾಯಿತು. ರೇವತಿ ಕೊನೆಗೆ ಬಲರಾಮನ ಕೈ ಹಿಡಿಯುತ್ತಾಳೆ, ಅದು ಬೇರೆ ಮಾತು. ನನ್ನನ್ನು ಕಾಡುವುದು ಕಕುದ್ಮಿ ಊರಿಗೆ ವಾಪಸು ಬಂದ ಆ ಗಳಿಗೆ. (ಇದನ್ನು ಹಿಡಿದು ‘ಐನ್‌ಸ್ಟೈನ್‌ಗಿಂತ ಮುಂಚೆ ನಮಗೆಲ್ಲ ಗೊತ್ತಿತ್ತು’ ಎಂದು ವಾಟ್ಸ್ಆ್ಯಪ್‌ನಲ್ಲಿ ಹರಿಬಿಡಬೇಡಿ. ಇದು ಕಥೆ, ಒಳ್ಳೆಯ ಕಥೆ. ಅಷ್ಟು ಸಾಲದೆ?)

ತಮಾಷೆಯೆಂದರೆ, ನಾಲ್ಕು ಕಟ್ಟಳೆಗಳಲ್ಲಿ ವಿಜ್ಞಾನ ಒಪ್ಪಿ ಪರೀಕ್ಷೆ ಮಾಡಿಯೂ ತೋರಿಸಿರುವುದು ಇದೊಂದನ್ನೇ. ವೇಗ, ಎತ್ತರ ಬದಲಾದರೆ ಕಾಲ ಓಡುವ ಗತಿಯೂ ಬದಲಾಗುತ್ತದೆ. 1971ರಲ್ಲಿ ಹಫೆಲೆ ಮತ್ತು ಕೀಟಿಂಗ್ ಎಂಬ ಇಬ್ಬರು ಸೀಸಿಯಂ ಪರಮಾಣು ಗಡಿಯಾರಗಳನ್ನು ಸಾಮಾನ್ಯ ಪ್ರಯಾಣಿಕ ವಿಮಾನಗಳಲ್ಲಿಟ್ಟು ಪೂರ್ವಕ್ಕೊಮ್ಮೆ, ಪಶ್ಚಿಮಕ್ಕೊಮ್ಮೆ ಭೂಮಿ ಸುತ್ತಿ ಬಂದರು. ನೆಲದಲ್ಲಿದ್ದ ಗಡಿಯಾರಕ್ಕೂ ಅವಕ್ಕೂ ವ್ಯತ್ಯಾಸ ಬಂತು, ಸೆಕೆಂಡಿನ ಕೋಟಿಯಲ್ಲೊಂದು ಭಾಗದ ಲೆಕ್ಕದಲ್ಲಿ. ನಿಮ್ಮ ಫೋನಿನ ಜಿಪಿಎಸ್ ಉಪಗ್ರಹದ ಗಡಿಯಾರ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡ್ ಮುಂದೋಡುತ್ತದೆ. ಅದನ್ನು ತಿದ್ದದಿದ್ದರೆ ಆಟೋದವರು ನಿಮ್ಮ ಮನೆ ಹುಡುಕುತ್ತ ಬೇರೆ ಊರಿಗೇ ಹೋಗಬೇಕಾದೀತು.

ಈ ಬಗೆಯಲ್ಲಿ ಮೂರರ ನಡುವೆ ಆಯ್ಕೆ. ಎಚ್. ಜಿ. ವೆಲ್ಸ್‌ನ ‘ದಿ ಟೈಮ್ ಮಷೀನ್’ 1895ರದ್ದು. ಯಂತ್ರವೇನೋ ಹಿಂದಕ್ಕೂ ಬರುತ್ತದೆ, ಆದರೆ ಹೊರಟ ಜಾಗಕ್ಕೆ ಮರಳುವುದಕ್ಕಷ್ಟೇ. ಕಥೆಯ ಜೀವವೆಲ್ಲ ಮುಂದಿನದರಲ್ಲಿ, ಕ್ರಿ.ಶ. 802,701ರಲ್ಲಿ. ಅಲ್ಲಿ ಮನುಷ್ಯರು ಎರಡು ಜಾತಿಯ ಪ್ರಾಣಿಗಳಾಗಿ ಒಡೆದುಹೋಗಿದ್ದಾರೆ. ಮೇಲೆ ಹಣ್ಣು ತಿಂದು ಆಡಿಕೊಂಡಿರುವ ಎಲೋಯಿಗಳು, ನೆಲದಡಿಯಲ್ಲಿ ಯಂತ್ರ ನಡೆಸುವ ಮೋರ್ಲಾಕರು. ಲಂಡನ್ನಿನ ಧಣಿ ಮತ್ತು ಕಾರ್ಮಿಕರನ್ನು ವೆಲ್ಸ್ ಎಂಟು ಲಕ್ಷ ವರ್ಷ ಆಚೆಗೆ ಎಳೆದು ನೋಡಿದ. ಪುಸ್ತಕ ಚಿಕ್ಕದು, ಎರಡು ಸಂಜೆಯಲ್ಲಿ ಮುಗಿಯುತ್ತದೆ, ಹಕ್ಕುಸ್ವಾಮ್ಯ ಮುಗಿದಿರುವುದರಿಂದ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಇಂಗ್ಲಿಷ್ ಸ್ವಲ್ಪ ಹಳೆಯದು ಎನ್ನುವುದೊಂದೇ ತೊಡಕು.

ಜೋ ಹಾಲ್ಡೆಮನ್‌ನ ‘ದಿ ಫಾರೆವರ್ ವಾರ್’ (1974) ಅದಕ್ಕಿಂತ ಒರಟು, ಹೆಚ್ಚು ನೋವಿನದು. ವಿಯೆಟ್ನಾಂನಲ್ಲಿ ಗಾಯಗೊಂಡು ಬಂದ ಲೇಖಕ ಬರೆದ ಕಾದಂಬರಿ. ಸೈನಿಕನಿಗೆ ಕೆಲವೇ ವರ್ಷ, ಅವನ ಹಡಗು ಬೆಳಕಿನ ವೇಗದ ಹತ್ತಿರ ಓಡುವುದರಿಂದ ಭೂಮಿಯಲ್ಲಿ ಶತಮಾನಗಳು. ಪ್ರತಿ ಸಲ ಮರಳಿದಾಗ ಊರು ಇನ್ನಷ್ಟು ಪರಕೀಯ. ‘ಇಂಟರ್‌ಸ್ಟೆಲ್ಲರ್’ (2014) ಇದೇ ನೋವನ್ನು ಒಂದು ದೃಶ್ಯದಲ್ಲಿ ಹಿಡಿದಿದೆ. ಒಂದು ಗಂಟೆಗೆ ಭೂಮಿಯ ಏಳು ವರ್ಷವಾಗುವ ಗ್ರಹದಿಂದ ಅಪ್ಪ ಹಡಗಿಗೆ ಹಿಂತಿರುಗಿ, 23 ವರ್ಷಗಳಿಂದ ಬಂದು ಬಿದ್ದಿದ್ದ ಮಕ್ಕಳ ವಿಡಿಯೊಗಳನ್ನು ಒಂದರ ಹಿಂದೊಂದು ನೋಡುತ್ತಾನೆ. ಮನೆಯಲ್ಲಿ ಎಲ್ಲರೂ ಕೂತು ನೋಡಬೇಕಾದರೆ ಇದನ್ನೇ ಆರಿಸಿ. ಒಬ್ಬರೇ ಓದುವವರಾದರೆ ಹಾಲ್ಡೆಮನ್. ದುಡಿಮೆಗಾಗಿ ಊರು ಬಿಟ್ಟು, ಹತ್ತು ವರ್ಷದ ಮೇಲೆ ಜಾತ್ರೆಗೆ ಬಂದು ತೇರಿನ ಬೀದಿಯಲ್ಲಿ ಗುರುತಿನ ಮುಖ ಹುಡುಕಿದವರಿಗೆ ಆ ಸೈನಿಕನ ಸಂಕಟವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ತಿದ್ದಬಹುದು, ಆದರೆ

ಹೆಚ್ಚು ಜನಕ್ಕೆ ಬೇಕಾಗುವುದು ಇದು. ‘ಅವತ್ತು ಹಾಗೆ ಮಾಡದಿದ್ದರೆ’ ಎನ್ನುವ ಕೊರಗು ಯಾರಿಗಿಲ್ಲ?

ನಗು ಬೇಕೆಂದರೆ ‘ಬ್ಯಾಕ್ ಟು ದಿ ಫ್ಯೂಚರ್’ (1985). ಹುಡುಗ 1955ಕ್ಕೆ ಹೋಗಿ ಅಪ್ಪ ಅಮ್ಮನ ಪ್ರೇಮಕ್ಕೇ ಅಡ್ಡ ಬಂದು, ತಾನು ಹುಟ್ಟುವುದೇ ಕಷ್ಟವಾಗಿ, ಅವರಿಬ್ಬರನ್ನು ಸೇರಿಸಲು ಒದ್ದಾಡುತ್ತಾನೆ. ಜೇಬಿನ ಫೋಟೋದಲ್ಲಿ ಅಣ್ಣ, ಅಕ್ಕ ಒಬ್ಬೊಬ್ಬರಾಗಿ ಮಾಸಿಹೋಗುತ್ತಾರೆ. ತರ್ಕಕ್ಕೆ ನಿಲ್ಲುವ ಮಾತಲ್ಲ, ಹುಟ್ಟದವನು ಇದ್ದಕ್ಕಿದ್ದಂತೆ ಇಲ್ಲವಾಗಬೇಕೇ ಹೊರತು ನೆನೆದ ಚಿತ್ರದ ಹಾಗೆ ಕರಗುವುದೇನು? ಆದರೂ ಆ ಫೋಟೋ ಇಲ್ಲದಿದ್ದರೆ ಸಿನಿಮಾ ಇಲ್ಲ. ಪ್ರೇಕ್ಷಕರಿಗೆ ಗಡಿಯಾರದ ಮುಳ್ಳು ಬೇಕು, ಅದು ಸಿಕ್ಕಿತು.

ಬೆದರಬೇಕೆಂದರೆ ರೇ ಬ್ರಾಡ್‌ಬರಿಯ ‘ಎ ಸೌಂಡ್ ಆಫ್ ಥಂಡರ್’ (1952). ಅರ್ಧ ಗಂಟೆಯ ಓದು. ದುಡ್ಡು ಕೊಟ್ಟು ಡೈನೋಸಾರ್ ಬೇಟೆಗೆ ಹೋದವನೊಬ್ಬ ಹೆದರಿ ಹಾದಿ ಬಿಟ್ಟು ಕಾಲಿಡುತ್ತಾನೆ. ವಾಪಸು ಬಂದಾಗ ಗೋಡೆಯ ಮೇಲಿನ ಬೋರ್ಡಿನ ಕಾಗುಣಿತ ಬೇರೆ, ಚುನಾವಣೆಯಲ್ಲಿ ಗೆದ್ದವನು ಬೇರೆ. ಬೂಟಿಗೆ ಒಂದು ಸತ್ತ ಚಿಟ್ಟೆ ಅಂಟಿದೆ. ಹವಾಮಾನದ ಗಣಿತ ಮಾಡುತ್ತಿದ್ದ ಎಡ್ವರ್ಡ್ ಲೊರೆನ್ಜ್ ಬ್ರೆಜಿಲ್‌ನ ಚಿಟ್ಟೆಯ ರೆಕ್ಕೆ, ಟೆಕ್ಸಾಸ್‌ನ ಸುಂಟರಗಾಳಿ ಎಂಬ ಮಾತನ್ನು ಉಪನ್ಯಾಸದ ತಲೆಬರಹಕ್ಕೆ ತಂದದ್ದು 1972ರಲ್ಲಿ, ಬ್ರಾಡ್‌ಬರಿಯ ಚಿಟ್ಟೆ ಸತ್ತು ಇಪ್ಪತ್ತು ವರ್ಷದ ಮೇಲೆ.

ಇತಿಹಾಸದ ಹುಚ್ಚಿರುವವರಿಗೆ ಇವೆರಡಕ್ಕಿಂತ ಜಯಂತ ನಾರ್ಳೀಕರ್ ಅವರ ಒಂದು ಕಥೆ ಹೆಚ್ಚು ಹಿಡಿಸೀತು. ಅವರು ಖಗೋಳ ವಿಜ್ಞಾನಿ, ಮರಾಠಿಯಲ್ಲಿ ವಿಜ್ಞಾನ ಕಥೆ ಬರೆದವರು, 2025ರ ಮೇ ತಿಂಗಳಲ್ಲಿ ತೀರಿಕೊಂಡರು. ಎನ್‌ಸಿಇಆರ್‌ಟಿಯ ಹನ್ನೊಂದನೇ ತರಗತಿಯ ಇಂಗ್ಲಿಷ್ ಪುಸ್ತಕ ‘ಹಾರ್ನ್‌ಬಿಲ್’ನಲ್ಲಿ ‘ದಿ ಅಡ್ವೆಂಚರ್’ ಎಂಬ ಹೆಸರಿನಲ್ಲಿ ಆ ಕಥೆಯಿದೆ. ಪುಣೆಯ ಇತಿಹಾಸದ ಪ್ರಾಧ್ಯಾಪಕ ಗಂಗಾಧರಪಂತ ಗಾಯತೊಂಡೆ ಲಾರಿಗೆ ಡಿಕ್ಕಿ ಹೊಡೆದು ಎಚ್ಚರಗೊಳ್ಳುವುದು ಬೇರೆಯೇ ಹಿಂದೂಸ್ಥಾನದಲ್ಲಿ. 1761ರ ಪಾಣಿಪತ್ ಯುದ್ಧದಲ್ಲಿ ಮರಾಠರು ಗೆದ್ದಿದ್ದಾರೆ, ಏಕೆಂದರೆ ಪೇಶ್ವೆಯ ಮಗ ವಿಶ್ವಾಸರಾಯನಿಗೆ ತಗುಲಬೇಕಿದ್ದ ಗುಂಡು ಕಿವಿಯ ಪಕ್ಕದಲ್ಲಿ ಹಾದುಹೋಗಿದೆ. ಇಲ್ಲಿ ಯಾರೂ ಹೋಗಿ ಏನನ್ನೂ ತಿದ್ದುವುದಿಲ್ಲ, ಎರಡೂ ಇತಿಹಾಸಗಳು ಅಕ್ಕಪಕ್ಕ ನಡೆದಿವೆ. ನನಗೆ ಇಷ್ಟವಾದದ್ದು ಪ್ರಾಧ್ಯಾಪಕರ ಚಾಳಿ. ದಿಕ್ಕು ತಪ್ಪಿದವರು ಪೊಲೀಸ್ ಠಾಣೆಗೋ ಗೆಳೆಯರ ಮನೆಗೋ ಓಡುತ್ತಾರೆ, ಇವರು ಏಷ್ಯಾಟಿಕ್ ಸೊಸೈಟಿಯ ಗ್ರಂಥಾಲಯಕ್ಕೆ ಹೋಗಿ ತಾವೇ ಬರೆದ ಇತಿಹಾಸದ ಸಂಪುಟ ತೆರೆದು ಎಲ್ಲಿಂದ ಬೇರೆಯಾಯಿತು ಎಂದು ಹುಡುಕುತ್ತಾರೆ. ಪಠ್ಯವೆಂದು ಓದಿ ಪರೀಕ್ಷೆ ಬರೆದು ಮರೆತವರು ಬಹಳ ಮಂದಿ ಇದ್ದೀರಿ, ಮತ್ತೊಮ್ಮೆ ತೆಗೆಯಿರಿ.

ನಮ್ಮ ಕಡೆಯ ಸಿನಿಮಾ ಬೇಕೆನ್ನುವವರಿಗೆ ಸಿಂಗೀತಂ ಶ್ರೀನಿವಾಸರಾವ್ ಅವರ ತೆಲುಗು ಚಿತ್ರ ‘ಆದಿತ್ಯ 369’ (1991) ಇದೆ. ನಮ್ಮ ‘ಪುಷ್ಪಕ ವಿಮಾನ’ದ ನಿರ್ದೇಶಕರೇ. ಯಂತ್ರ ಹೋಗಿ ನಿಲ್ಲುವುದು ಕೃಷ್ಣದೇವರಾಯನ ವಿಜಯನಗರದಲ್ಲಿ. ಕಟ್ಟಳೆ ಸಡಿಲ, ಮೋಜು ಬಿಗಿ. ಮಕ್ಕಳಿದ್ದ ಮನೆಗೆ ಸರಿ.

ಏನು ಮಾಡಿದರೂ ಆಗುವುದೇ ಆಗುತ್ತದೆ

ಇಲ್ಲಿ ಆಯ್ಕೆ ಕಷ್ಟ, ಏಕೆಂದರೆ ಅತ್ಯುತ್ತಮವಾದವು ಬಹಳಷ್ಟು ಇಲ್ಲೇ ಇವೆ. ಈ ಕಥೆಗಳಲ್ಲಿ ಹಿಂದೆ ಹೋದವನು ತಡೆಯಲು ಮಾಡಿದ ಕೆಲಸವೇ ಆ ಘಟನೆಗೆ ಕಾರಣವಾಗಿರುತ್ತದೆ. ಕಂಸ ತಂಗಿಯನ್ನು ಸೆರೆಮನೆಗೆ ಹಾಕಿದ್ದರಿಂದಲೇ ಕೃಷ್ಣ ಗೋಕುಲ ಸೇರಿದ ಹಾಗೆ. ಹಣೆಬರಹ ಎಂಬ ಪದವಿರುವ ಭಾಷೆಯವರಿಗೆ ಇದು ಬೇಗ ಅರ್ಥವಾಗುತ್ತದೆ, ಬೇಗ ಸಿಟ್ಟೂ ಬರಿಸುತ್ತದೆ.

ತಲೆಗೆ ಕೆಲಸ ಬೇಕೆಂದರೆ ರಾಬರ್ಟ್ ಹೈನ್‌ಲೈನ್‌ನ ‘ಆಲ್ ಯೂ ಜಾಂಬೀಸ್’ (1959). ವಂಶವೃಕ್ಷ ಬರೆಯಲು ಕೂತರೆ ಕೈ ಸೋಲುತ್ತದೆ, ಅಷ್ಟೇ ಹೇಳಬಲ್ಲೆ. ಓದುವ ಬದಲು ನೋಡುವವರಿಗೆ ಅದರಿಂದ ತೆಗೆದ ‘ಪ್ರಿಡೆಸ್ಟಿನೇಷನ್’ (2014) ಇದೆ, ಮತ್ತು ಈ ಸಲ ಸಿನಿಮಾ ಕಥೆಗಿಂತ ಬೆಚ್ಚಗಿದೆ. ದೀರ್ಘವಾಗಿ ಮುಳುಗಬೇಕೆಂದರೆ ಜರ್ಮನ್ ಸರಣಿ ‘ಡಾರ್ಕ್’ (2017ರಿಂದ 2020). 26 ಕಂತು, 33 ವರ್ಷಕ್ಕೊಮ್ಮೆ ಸುತ್ತುವ ಗಂಟು, ನಾಲ್ಕು ಮನೆತನ. ಪಕ್ಕದಲ್ಲಿ ಕಾಗದ ಪೆನ್ನು ಇಟ್ಟುಕೊಳ್ಳಿ. ಅಷ್ಟು ಪುರಸೊತ್ತು ಇಲ್ಲವೆಂದರೆ ಫ್ರಾನ್ಸಿನ ಕ್ರಿಸ್ ಮಾರ್ಕರ್ 1962ರಲ್ಲಿ ತೆಗೆದ ‘ಲಾ ಜೆಟೆ’, 28 ನಿಮಿಷ, ಬಹುತೇಕ ಬರೀ ಸ್ಥಿರಚಿತ್ರಗಳ ಜೋಡಣೆ. ಒಂದೇ ಒಂದು ಕಡೆ ಚಿತ್ರ ಕದಲುತ್ತದೆ: ಮಲಗಿದ್ದ ಹೆಣ್ಣೊಬ್ಬಳು ಕಣ್ಣು ತೆರೆಯುತ್ತಾಳೆ. ಡಾರ್ಕ್‌ನ 26 ಕಂತಿನ ಎದುರು ಆ ಒಂದು ರೆಪ್ಪೆ ಬಡಿತ ತೂಗುತ್ತದೆ ಎನ್ನುವ ಪಕ್ಷ ನನ್ನದು.

ಕನ್ನಡದಲ್ಲೇ ಕಾಲಯಾನ ಬೇಕೆನ್ನುವವರಿಗೆ 2024ರ ‘ಬ್ಲಿಂಕ್’ ಇದೆ. ಫೋನ್ ಬದಿಗಿಟ್ಟು ನೋಡಬೇಕಾದ ಚಿತ್ರ.

ಆದರೆ ಈ ಗುಂಪಿನಲ್ಲಿ ಒಂದನ್ನೇ ಆರಿಸು ಎಂದರೆ ನನ್ನ ಬೆರಳು ಟೆಡ್ ಚಿಯಾಂಗ್ ಕಡೆ. ‘ಸ್ಟೋರಿ ಆಫ್ ಯುವರ್ ಲೈಫ್’ (1998) ಬಗ್ಗೆ ಕನ್ನಡದವರಿಗೆ ಒಂದು ವಿಶೇಷ ಮಾತು ಹೇಳಬೇಕು. ಭಾಷಾವಿಜ್ಞಾನಿಯೊಬ್ಬಳು ಅನ್ಯಗ್ರಹದವರ ಬರಹ ಕಲಿಯುತ್ತಾಳೆ. ಅವರ ವಾಕ್ಯಕ್ಕೆ ಮೊದಲು ಕೊನೆ ಇಲ್ಲ, ಇಡೀ ಒಂದೇ ಚಿತ್ರ. ಅದನ್ನು ಕಲಿತ ಮೇಲೆ ಅವಳಿಗೆ ಇನ್ನೂ ಹುಟ್ಟದ ಮಗಳ ಬದುಕು ನೆನಪಾಗತೊಡಗುತ್ತದೆ. ಇಂಗ್ಲಿಷಿನಲ್ಲಿ ‘ನೆನಪು’ ಮತ್ತು ಭವಿಷ್ಯತ್ಕಾಲದ ಕ್ರಿಯಾಪದವನ್ನು ಒಂದೇ ವಾಕ್ಯದಲ್ಲಿ ಕಟ್ಟಿಹಾಕಿ ಓದುಗರನ್ನು ಎಡವಿಸುವುದು ಚಿಯಾಂಗ್‌ನ ಉಪಾಯ. ನಮಗೆ ಆ ಎಡವು ಅಷ್ಟು ಹೊಸದಲ್ಲ. ‘ದಿನಾ ಬರ್ತೀನಿ’, ‘ನಾಳೆ ಬರ್ತೀನಿ’ ಎರಡಕ್ಕೂ ನಮಗೆ ಒಂದೇ ಕ್ರಿಯಾಪದ. ಅಡುಗೆಮನೆಯಿಂದ ಊಟಕ್ಕೆ ಕರೆದರೆ ಕುರ್ಚಿಯಿಂದ ಏಳದೆಯೇ ‘ಬಂದೆ, ಬಂದೆ’ ಎನ್ನುತ್ತೇವೆ, ಆಗಬೇಕಾದದ್ದನ್ನು ಆಗಿಹೋಯಿತು ಎಂದು ಭೂತಕಾಲದಲ್ಲಿ ಹೇಳುತ್ತೇವೆ. ಈ ಕಥೆಯನ್ನು ಯಾರಾದರೂ ಸರಿಯಾಗಿ ಕನ್ನಡಕ್ಕೆ ತರಲು ಕೂತರೆ ಆ ‘ಬಂದೆ’ ಕೈಹಿಡಿದೀತು. ಇದನ್ನು ಆಧರಿಸಿದ ಸಿನಿಮಾ ‘ಅರೈವಲ್’ (2016) ಚೆನ್ನಾಗಿದೆ, ಆದರೆ ಅದು ಯುದ್ಧದ ಆತಂಕವನ್ನು ಹೊಸದಾಗಿ ಸೇರಿಸಿಕೊಂಡಿದೆ. ಕಥೆಯ ಮೆಲುದನಿ ಬೇಕಾದವರು ಓದಲೇಬೇಕು.

ಅದು ಗಟ್ಟಿ ಎನಿಸಿದರೆ ಅದೇ ಲೇಖಕನ ‘ದಿ ಮರ್ಚೆಂಟ್ ಆ್ಯಂಡ್ ದಿ ಆಲ್ಕೆಮಿಸ್ಟ್ಸ್ ಗೇಟ್’ (2007). ಬಗ್ದಾದಿನ ವ್ಯಾಪಾರಿ, ಕೈರೋದ ಒಂದು ಅಂಗಡಿ, ಇಪ್ಪತ್ತು ವರ್ಷ ಹಿಂದಕ್ಕೆ ಇಲ್ಲವೆ ಮುಂದಕ್ಕೆ ತೆರೆಯುವ ಬಾಗಿಲು. ಅರೇಬಿಯನ್ ನೈಟ್ಸ್ ರೀತಿ ಕಥೆಯೊಳಗೆ ಕಥೆ. ಏನೂ ಬದಲಾಗುವುದಿಲ್ಲ, ಆದರೆ ಗೊತ್ತಿರದಿದ್ದ ಒಂದು ಸಂಗತಿ ಗೊತ್ತಾಗುತ್ತದೆ, ಅಷ್ಟಕ್ಕೇ ಕಣ್ಣು ತುಂಬುತ್ತದೆ. ಕಾಲಯಾನದ ಕಥೆ ಓದಿಯೇ ಇಲ್ಲದವರಿಗೆ ನಾನೀಗ ಮೊದಲು ಕೊಡುವುದು ಇದನ್ನೇ.

ಅದೇ ದಿನ, ಮತ್ತೆ

ಸುತ್ತಿನ ಕಥೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ಒಂದು ನೋಡಿದರೆ ಹತ್ತರ ಅಂದಾಜು ಸಿಗುತ್ತದೆ. ಆ ಒಂದು ‘ಗ್ರೌಂಡ್‌ಹಾಗ್ ಡೇ’ (1993), ಫೆಬ್ರವರಿ 2 ಮುಗಿಯದೆ ಸಿಕ್ಕಿಬಿದ್ದ ಟೀವಿಯವನ ಹಾಸ್ಯ. ಓದುವವರಿಗೆ ಕೆನ್ ಗ್ರಿಮ್‌ವುಡ್‌ನ ‘ರಿಪ್ಲೇ’ (1986) ಅದಕ್ಕಿಂತ ಒಳ್ಳೆಯದು. ಅಲ್ಲಿ ಮರಳುವುದು ಒಂದು ದಿನವಲ್ಲ, ಕಾಲು ಶತಮಾನ. 43ರ ಗಂಡಸು ಸತ್ತು 18ರ ಹುಡುಗನಾಗಿ 1963ರಲ್ಲಿ ಏಳುತ್ತಾನೆ, ತಲೆಯಲ್ಲಿ ಎಲ್ಲ ನೆನಪಿದೆ. ಮೊದಲ ಸಲ ದುಡ್ಡು ಮಾಡುತ್ತಾನೆ, ನೀವೂ ನಾನೂ ಮಾಡುವುದು ಅದನ್ನೇ. ಆಮೇಲಿನ ಸುತ್ತುಗಳು ಅಷ್ಟು ಸುಲಭವಲ್ಲ. ನಮ್ಮ ದಕ್ಷಿಣದ್ದೇ ಬೇಕಾದರೆ ತಮಿಳಿನ ‘ಮಾನಾಡು’ (2021). ಖಳನಿಗೂ ದಿನ ಮರುಕಳಿಸುವುದು ತಿಳಿದುಬಿಡುತ್ತದೆ ಎನ್ನುವ ಒಂದು ತಿರುವಿನಿಂದ ಅದು ಗೆದ್ದಿದೆ.

ಯಂತ್ರ ಬೇಡ, ಆ ಕಾಲ ಬೇಕು

ಇನ್ನೊಂದು ಬಗೆಯ ಓದುಗರಿದ್ದಾರೆ. ಅವರಿಗೆ ಒಗಟು ಬೇಡ, ಆ ಕಾಲದ ನೆಲದ ಮೇಲೆ ನಿಲ್ಲಬೇಕು. ಅವರ ಮುಂದೆ ನಾನು ಎರಡು ಪುಸ್ತಕ ಇಡುತ್ತೇನೆ.

ಕಾನಿ ವಿಲ್ಲಿಸ್‌ರ ‘ಡೂಮ್ಸ್‌ಡೇ ಬುಕ್’ (1992): 2054ರ ಆಕ್ಸ್‌ಫರ್ಡ್‌ನ ಇತಿಹಾಸ ವಿದ್ಯಾರ್ಥಿನಿ 1320ಕ್ಕೆ ಹೊರಟು, ಲೆಕ್ಕ ತಪ್ಪಿ 1348ಕ್ಕೆ, ಮಹಾಪ್ಲೇಗ್ ಇಂಗ್ಲೆಂಡಿಗೆ ಕಾಲಿಟ್ಟ ವರ್ಷಕ್ಕೆ, ಬೀಳುತ್ತಾಳೆ. ಮೊದಲ ಭಾಗ ನಿಧಾನ. 2054ರಲ್ಲಿ ಒಬ್ಬರ ಕೈಯಲ್ಲೂ ಮೊಬೈಲ್ ಇಲ್ಲದೆ ಫೋನಿಗಾಗಿ ಓಡಾಡುವುದು ಈಗ ನಗು ತರಿಸುತ್ತದೆ. ಆದರೆ ಆ ಹಳ್ಳಿಯ ಮನೆಗಳಲ್ಲಿ ಒಬ್ಬೊಬ್ಬರೇ ಮಲಗುವುದನ್ನು ಕೊರೊನಾ ಕಂಡ ನಾವು ಓದುವ ರೀತಿಯೇ ಬೇರೆ.

ಆಕ್ಟೇವಿಯಾ ಬಟ್ಲರ್‌ರ ‘ಕಿಂಡ್ರೆಡ್’ (1979)ನಲ್ಲಿ ಯಂತ್ರವೂ ಇಲ್ಲ, ವಿವರಣೆಯೂ ಇಲ್ಲ. 1976ರ ಲಾಸ್ ಏಂಜಲೀಸ್‌ನ ಕಪ್ಪು ಲೇಖಕಿ ಡೇನಾ ತಲೆಸುತ್ತಿ ಬಿದ್ದು ಕಣ್ಣು ಬಿಟ್ಟರೆ ಮೇರಿಲ್ಯಾಂಡಿನಲ್ಲಿ, ಗುಲಾಮಗಿರಿಯ ದಿನಗಳಲ್ಲಿ. ಅವಳನ್ನು ಮತ್ತೆ ಮತ್ತೆ ಎಳೆಯುವುದು ಬಿಳಿಯ ಹುಡುಗನೊಬ್ಬ. ಅವನು ಅವಳ ಪೂರ್ವಜ. ಅವನು ಬದುಕಿದರೆ ಮಾತ್ರ ಅವಳ ವಂಶ ಹುಟ್ಟುತ್ತದೆ, ಬೆಳೆದು ಅವನಾಗುವುದು ಗುಲಾಮರ ಒಡೆಯ. ‘ಅಜ್ಜನನ್ನು ಕೊಂದರೆ ಏನಾಗುತ್ತದೆ’ ಎಂಬ ಚಹಾದಂಗಡಿಯ ತರ್ಕ ಇಲ್ಲಿ ಬೆನ್ನ ಮೇಲಿನ ಬಾರುಕೋಲಾಗುತ್ತದೆ. ಇದರಲ್ಲಿ ವಿಜ್ಞಾನವಿಲ್ಲ, ಹಾಗಾಗಿ ವಿಜ್ಞಾನ ಕಥೆಯಲ್ಲ ಎಂದು ಬಟ್ಲರ್ ತಾವೇ ಹೇಳುತ್ತಿದ್ದರು. ಇರಲಿ. ಎರಡರಲ್ಲಿ ಒಂದು ಎಂದರೆ ಕಿಂಡ್ರೆಡ್. ವಿಲ್ಲಿಸ್‌ರ ನಾಯಕಿಗೆ ಮನೆಗೆ ಮರಳಿದರೆ ಆಯಿತು. ಡೇನಾಳಿಗೆ ಮರಳಿದ ಮೇಲೂ ಬಿಡುಗಡೆಯಿಲ್ಲ, ಮೊದಲ ಸಾಲಿನಲ್ಲೇ ಅವಳು ಒಂದು ತೋಳು ಕಳೆದುಕೊಂಡಿರುವುದು ನಮಗೆ ತಿಳಿಯುತ್ತದೆ.

ಇದೇ ಸಾಲಿನಲ್ಲಿ, ಕಾಲಯಾನವೆಂದು ಯಾರೂ ಕರೆಯದ ತೇಜಸ್ವಿಯವರ ‘ಕರ್ವಾಲೊ’ವನ್ನೂ (1980) ಇಡುತ್ತೇನೆ. ಒಂದು ಹಾರುವ ಓತಿಯ ಹಿಂದೆ ಕಾಡು ನುಗ್ಗಿದವರಿಗೆ ಕೋಟ್ಯಂತರ ವರ್ಷ ಕಣ್ಣೆದುರು ಕೂತಿರುವುದು ಕಾಣುತ್ತದೆ. ಇಂಗ್ಲಿಷ್ ಬೇಡ ಎನ್ನುವವರು ಅಲ್ಲಿಂದಲೇ ಹೊರಡಬಹುದು.

ಇನ್ನು ‘ಇದೆಲ್ಲ ನಿಜವಾಗಿ ಆಗುತ್ತದೆಯೇ’ ಎಂದು ಕೇಳುವವರಿಗೆ ಒಂದು ಪ್ರಸಂಗ: ಭೌತವಿಜ್ಞಾನಿ ಸ್ಟೀಫನ್ ಹಾಕಿಂಗ್ 2009ರ ಜೂನ್ 28ರಂದು ಕಾಲಯಾತ್ರಿಗಳಿಗಾಗಿ ಒಂದು ಔತಣ ಇಟ್ಟಿದ್ದರು. ಆಮಂತ್ರಣ ಹೊರಬಿದ್ದದ್ದು ಔತಣ ಮುಗಿದ ಮೇಲೆ. ಮುಂದೆ ಎಂದಾದರೂ ಓದಿದವರು ಹಿಂದಕ್ಕೆ ಬರಬಹುದಲ್ಲ? ಯಾರೂ ಬರಲಿಲ್ಲ.

ಅಕ್ಕನ ಮಗಳಿಗೆ ಎರಡನೆಯ ಸಲ ಆಲ್ಕೆಮಿಸ್ಟನ ಬಾಗಿಲು ಕೊಟ್ಟೆ, ಅಲ್ಲಿಂದ ಅವಳೇ ಹುಡುಕಿಕೊಂಡು ರಿಪ್ಲೇಗೆ, ಡಾರ್ಕ್‌ಗೆ ಹೋದಳು. ಹೋದ ವಾರ ನೋಟ್‌ಬುಕ್ ಇಟ್ಟುಕೊಂಡು ಪ್ರೈಮರ್ ಮತ್ತೆ ನೋಡಿದ್ದಾಳೆ. ರಾತ್ರಿ ಹನ್ನೊಂದೂವರೆಗೆ ಒಂದು ಸ್ಕ್ರೀನ್‌ಶಾಟ್ ಬಂತು, ಕೆಳಗೆ "ಮಾಮ, ಇಲ್ಲಿರೋ ಏಬ್ ಎಷ್ಟನೆಯವನು?" ಎಂಬ ಪ್ರಶ್ನೆ. ನೀಲಿ ಗೆರೆ ಬಿದ್ದಿದೆ, ನಾನು ಓದಿದ್ದೇನೆಂದು ಅವಳಿಗೆ ಗೊತ್ತು. ಇನ್ನೂ ಉತ್ತರ ಕೊಟ್ಟಿಲ್ಲ.